ಎಂಬತ್ತೆರಡು ಕೆಂಪು ಬಾವುಟ

ಅಧ್ಯಕ್ಷತೆ ವಹಿಸಿರುವ ನಮ್ಮ ಮೇಯರ್ ದೋನ್ ಫೋರ್ತುನಾತೊ ಅವರೇ, ಪ್ರಾಂತ್ಯದ ಕಚೇರಿಯಿಂದ ಬಂದಿರುವ ಅತಿಥಿಗಳೇ, ಪಾದ್ರಿಗಳೇ, ವಿಲ್ಕಾಪಾಟಾದ ಹಿರಿಯರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ಮೊದಲು ಕ್ಷಮೆ ಕೇಳುತ್ತೇನೆ. ನಾನು ಓದಿ ಮುಗಿಸಿದ ಮೇಲೆ ಈ ಹಾಳೆಯನ್ನು ಊರಿನ ದಫ್ತರದಲ್ಲಿ ಇಡುತ್ತಾರಂತೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ಅಷ್ಟಕ್ಕಷ್ಟೆ. ಓದಿದ್ದು ಆರನೆಯ ತರಗತಿವರೆಗೆ ಮಾತ್ರ. ಮುಂದೆ ಯಾರಾದರೂ ದಫ್ತರ ತೆರೆದು ನಕ್ಕರೆ ನಗಲಿ, ನನ್ನ ಅವ್ವ ಹುಸ್ತೀನಾಳ ಎದುರು ಮಾತ್ರ ನಗಬೇಡಿ.

‘ನಮ್ಮ ಊರಿನಲ್ಲಿ ನೋಡಬೇಕಾದದ್ದು, ಮಾಡಬೇಕಾದದ್ದು’ ಎಂಬ ಫಲಕವನ್ನು ಬರೆದುಕೊಟ್ಟೆ ಎಂದು ನನ್ನ ತಲೆಯ ಮೇಲೆ ಬಣ್ಣದ ಕಾಗದದ ಚೂರು ಸುರಿದಿದ್ದೀರಿ. ಈ ಗೌರವ ನನಗೆ ಸಲ್ಲುತ್ತದೆಯೇ? ನನಗೇ ತಿಳಿಯುತ್ತಿಲ್ಲ.

ಬಸ್ಸು ನಮ್ಮ ಮನೆಯ ಎದುರೇ ನಿಲ್ಲುತ್ತದೆ. ಇಳಿದವರೆಲ್ಲ ನನ್ನನ್ನೇ ಕೇಳುತ್ತಿದ್ದರು, ಇಲ್ಲಿ ನೋಡುವಂಥದ್ದು ಏನಿದೆ ಎಂದು. ಏನಿದೆ? ದಿನಾ ನೋಡುವವಳ ಕಣ್ಣಿಗೆ ಏನು ಬೀಳುತ್ತದೆ? ನಾನು ಕಲ್ಲಿನ ಸೇತುವೆ ತೋರಿಸಿದರೆ ಅವರು ದೋನ್ ಎಲೆಯುತೇರಿಯೊ ಅವರ ಹೇಸರಗತ್ತೆಯ ಫೋಟೊ ತೆಗೆದುಕೊಂಡರು. ಅಂದಿನಿಂದ ಎಲೆಯುತೇರಿಯೊ ಅಜ್ಜ ತಮ್ಮ ತಲೆ ಬಾಚುವುದನ್ನು ಮರೆತರೂ ಅದರ ತಲೆ ಬಾಚುವುದನ್ನು ಮರೆತಿಲ್ಲ.

“ಬಂದೋರನ್ನ ದಿನಾ ನೋಡೋಳು ನೀನು ಕಣಮ್ಮಾ ಎದಿಲ್ಮಾ, ನೀನೇ ಬರಿ” ಎಂದರು ಮೇಯರ್ ಅವರು. ಮೂರು ಭಾನುವಾರ ಕೂತು ಹತ್ತು ಸಾಲು ಬರೆದೆ. ಸೇತುವೆ, ಬುಗ್ಗೆಯ ನೀರಿನಲ್ಲಿ ಕಾಲಿಡುವುದು, ಆಲೂಗಡ್ಡೆ ಕೊಟ್ಟು ಉಪ್ಪು ಕೊಳ್ಳುವ ಸಂತೆ. ನಾಲ್ಕನೆಯ ಸಾಲು ಇದು: ‘ಯಾವ ಮನೆಯ ಬಾಗಿಲಲ್ಲಿ ಕೆಂಪು ಬಾವುಟವಿದೆಯೋ ಆ ಮನೆಯಲ್ಲಿ ಇವತ್ತು ಮೆಕ್ಕೆಜೋಳದ ಹೆಂಡ, ಚಿಚಾ, ಹದಕ್ಕೆ ಬಂದಿದೆ, ಒಳಗೆ ಬಂದು ಕುಡಿಯಿರಿ.’

ಮೇಯರ್ ಅವರಿಗೆ ಆ ಸಾಲು ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಊರು ಚೆಂದ ಕಾಣಲೆಂದು ಎಂಬತ್ತೆರಡು ಮನೆಗೂ ಒಂದೊಂದು ಕೆಂಪು ಬಾವುಟ ಹಂಚಿದರು. ಇಳಿಸಿದವರ ಮನೆಗೆ ಪ್ರವಾಸಿಗರನ್ನು ಕಳುಹಿಸುವುದಿಲ್ಲ ಎಂದರು. ಊರು ಚೆಂದ ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ಚಿಚಾ ಮಾಡುವ ಮನೆ ಇರುವುದು ಮೂರೇ. ಮೂವರೂ ಸರದಿಯ ಮೇಲೆ ಮಾಡುತ್ತೇವೆ. ಇವತ್ತು ಯಾರ ಸರದಿ ಎಂದು ಹೇಳುತ್ತಿದ್ದದ್ದು ಬಾವುಟ. ಈಗ ಹೇಳುವವರು ಯಾರು?

ಹೋದ ಮಂಗಳವಾರ, ಪಕ್ಕದ ಊರಿನಿಂದ ಹೊಲದ ಕೆಲಸಕ್ಕೆ ಬಂದಿದ್ದ ನಾಲ್ವರು ದೋನ್ಯಾ ಎಯುಫ್ರಾಸಿಯಾ ಅವರ ಬಾಗಿಲು ತಟ್ಟಿದರು.

“ದೊಡ್ಡಮ್ಮಾ, ನಾಲ್ಕು ಲೋಟ ಹಾಕಿ, ಗಂಟಲು ಒಣಗಿ ಹೋಗೈತೆ.”

“ಜಪ ಮಾಡೋ ಮನೇಲಿ ಚಿಚಾ ಕೇಳ್ತೀರಾ? ಹಾಳಾಗ್ ಹೋಗಿ!”

“ಮತ್ತೆ ಬಾವುಟ?”

“ಅದು ಮೇಯರ್ದು. ಹೋಗಿ ಅವನ್ನೇ ಕುಡೀರಿ!”

ಪಾದ್ರಿಗಳ ಬಾಗಿಲಿಗೂ ಹೋದರಂತೆ. ವರ್ಷವಿಡೀ ಪೂಜೆಗೆ ಬಾರದವರು ಬಂದರಲ್ಲ ಎಂದು ಪಾದ್ರಿಗಳು ಹಿಗ್ಗಿದರಂತೆ. ಅವತ್ತು ಸರದಿ ಇದ್ದದ್ದು ನಮ್ಮದು. ನಾಲ್ಕು ಮನೆ ತಿರುಗಿದ ಮೇಲೆ ನಮ್ಮ ಮನೆ ಐದನೆಯದಾಗುತ್ತಿತ್ತೋ ಏನೋ, ಅಷ್ಟರಲ್ಲಿ ಅವರು ಬೇಸತ್ತು ಮನೆಗೆ ಹೋದರು. ಚಿಚಾ ಎರಡು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ಅವ್ವ ಎರಡು ಹಂಡೆ ಹಂದಿಗೆ ಸುರಿದಳು.

ಅಪ್ಪ ಗಣಿಯಿಂದ ಹಿಂದಿರುಗಲಿಲ್ಲವಲ್ಲ, ಆ ವರ್ಷ ಅವ್ವ ಅವನು ಹೊದೆಯುತ್ತಿದ್ದ ಕೆಂಪು ಉಣ್ಣೆಯ ಪೊಂಚೊದ ಅಂಚು ಕತ್ತರಿಸಿ ಬಾವುಟ ಮಾಡಿದ್ದಳು. ಜೋಳ ಮೊಳಕೆ ಕಟ್ಟುವ ಕೆಲಸಕ್ಕೆ ನಾನು ಶಾಲೆ ಬಿಟ್ಟೆ. ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ಬಾಯಿಗೆ ಬಂತು.

ಹಂಡೆ ತೊಳೆಯುತ್ತಾ ಅವ್ವ ಅಂದಳು: “ಯಾರಿಗೂ ಗೊತ್ತಿಲ್ಲದ್ದನ್ನ ಬರೀಬೇಕಿತ್ತು ಕಣೇ. ಎಲ್ಲಾರ್ಗೂ ಗೊತ್ತಿದ್ದಿದ್ದನ್ನ ಬರೆದೆ, ಈಗ ಯಾರಿಗೂ ಗೊತ್ತಿಲ್ಲ.” ಆಮೇಲೆ, “ಇನ್ನೊಂದು ಸಲ ಸುರಿಯೋ ಹಂಗಾದ್ರೆ ಒಲೇನೇ ಹಚ್ಚಲ್ಲ” ಅಂದಳು.

ತಪ್ಪು ಯಾರದು? ಮೇಯರ್ ಅವರದೇ? ಅವರು ಒಳ್ಳೆಯದನ್ನೇ ಬಯಸಿದರು. ನನ್ನದೇ? ನಾನು ಇದ್ದದ್ದನ್ನು ಬರೆದೆ. ಬರೆದ ಮೇಲೆ ಅದು ಇಲ್ಲವಾಯಿತು. ಇದು ಹೇಗೆ ಎಂದು ಎಷ್ಟು ಯೋಚಿಸಿದರೂ ತಲೆಗೆ ಹತ್ತುತ್ತಿಲ್ಲ. ಓದಿದವರು ಯಾರಾದರೂ ಹೇಳಿಕೊಡಿ.

ಹೇಳಿದಷ್ಟು ಹೊತ್ತೂ ಕೇಳಿದಿರಿ, ಎಲ್ಲರಿಗೂ ನನ್ನ ಕೃತಜ್ಞತೆ. ಮೇಯರ್ ಅವರು ಕೋಪ ಮಾಡಿಕೊಳ್ಳಬಾರದು. ಇವತ್ತು ನಮ್ಮ ಮನೆಯ ಸರದಿ. ಬೆಳಿಗ್ಗೆ ಅವ್ವ ಒಳಗೆ ಚಿಚಾ ಸೋಸುತ್ತಿದ್ದಾಗ ನಾನು ಸ್ಟೂಲಿನ ಮೇಲೆ ಹತ್ತಿ ನಮ್ಮ ಬಾಗಿಲ ಬಾವುಟ ಇಳಿಸಿ ಬಂದೆ. ಬಾಯಾರಿದವರು ಬಾವುಟ ಇಲ್ಲದ ಮನೆಗೆ ಬನ್ನಿ. ಊರಿನಲ್ಲಿ ಅಂಥದ್ದು ಒಂದೇ ಇದೆ. ನಮಸ್ಕಾರ.