ನೀರಿನ ಟ್ಯಾಂಕ್ ಹಿಂದಿನ ಪಾರ್ಕು

ಬಸ್ ನಿಲ್ದಾಣದ ಬೆಂಚಿನ ಮೇಲೆ ಟೈಲರಮ್ಮ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಇಬ್ಬರು ಹೆಂಗಸರು. ಮಾತಿನಿಂದ ತಿಳಿದಂತೆ, ಹಿರಿಯಳು ಎಷ್ಟೋ ವರ್ಷದ ಮೇಲೆ ಊರಿಗೆ ಬಂದವಳು; ಕಿರಿಯಳು ಅವಳ ಹಳೇ ನೆರೆಮನೆಯ ಸೊಸೆ.

“ಈಗ ನಮ್ಮೂರಿಗೇನು ಕಮ್ಮಿ ಅಕ್ಕಾ? ಬೀದಿದೀಪ ಬಂತು, ಗಂಟೆಗೊಂದು ಬಸ್ ಬಂತು. ಮಕ್ಕಳಿಗೆ ಪಾರ್ಕೂ ಆಯ್ತು.”

“ಪಾರ್ಕಾ? ಎಲ್ಲಿ?”

“ನೀರಿನ ಟ್ಯಾಂಕ್ ಹಿಂದೆ. ಬರೀ ಮುಳ್ಳುಪೊದೆ ಇತ್ತಲ್ಲ, ಅಲ್ಲಿ.”

“ಅಲ್ಲೊಂದು ದೊಡ್ಡ ಮರ ಇತ್ತು.”

“ಅದನ್ನ ಕಡಿದ್ರು. ಆ ಜಾಗದಲ್ಲೇ ಈಗ ಜಾರುಬಂಡೆ. ಸಂಜೆಯಾದ್ರೆ ನನ್ ಮಗಳು ಅಲ್ಲೇ.”

ಹಿರಿಯಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

“ನನ್ನ ಮೊದಲನೇ ಮಗೂನ ಆ ಮರದ ಬುಡದಲ್ಲೇ ಕಣೇ ಮಣ್ಣು ಮಾಡಿದ್ದು.”

ಟೈಲರಮ್ಮ ಅವರತ್ತ ತಿರುಗಿದಳು.

“ಅಯ್ಯೋ! ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ ಅಕ್ಕಾ!” ಎಂದಳು ಕಿರಿಯಳು.

“ಅಗೆಯುವಾಗ ಏನಾದ್ರೂ ಸಿಕ್ತಾ?”

“ಯಾರು ನೋಡಿದ್ರು? ಜೆಸಿಬಿ ತಂದು ಮಣ್ಣೆಲ್ಲ ಲಾರಿಗೆ ತುಂಬಿದ್ರು.”

“ಆ ಮಣ್ಣನ್ನ ಎಲ್ಲಿಗೆ ಹಾಕಿದ್ರು?”

ಕಿರಿಯಳು ಕಾಲಡಿಯ ನೆಲ ನೋಡಿದಳು.

“ಇಲ್ಲಿಗೇ ಅಕ್ಕಾ. ಈ ಬಸ್ ಸ್ಟ್ಯಾಂಡ್ ಜಾಗ ಆಗ ತಗ್ಗಾಗಿತ್ತಲ್ಲ...”

ಹಿರಿಯಳು ಬಗ್ಗಿ, ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು. ಬಸ್ಸು ಬಂತು. ಅವಳು ಬರಿಗಾಲಲ್ಲೇ ನಡೆದು ಹತ್ತಿದಳು; ಕಿರಿಯಳು ಅವಳ ಚೀಲ ಹಿಡಿದು ಹಿಂದೆಯೇ ಓಡಿದಳು.

ಅದೇ ಬಸ್ಸಿಗೆ ಕಾದಿದ್ದ ಟೈಲರಮ್ಮ ನೆಲಕ್ಕೆ ಕಾಲೂರಲಾರದೆ ಕೂತೇ ಇದ್ದಳು.