ಅಮ್ಮ ಒಬ್ಬಳೇ ಒಳಗೆ ಹೋಗಬೇಕಂತೆ

ಫೋರ್ಟಿಟ್ಯೂಡ್ ವ್ಯಾಲಿಯ ಒಂದು ವಕೀಲರ ಕಚೇರಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಸೋಫಾದಲ್ಲಿ ಎಪ್ಪತ್ತು ದಾಟಿದ ತಾಯಿ, ಪಕ್ಕದಲ್ಲಿ ಮಗ. ಕನ್ನಡ ಕೇಳಿಸಿತು, ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯ ನಾನಲ್ಲ.

“ಹೋದ ತಿಂಗಳೇ ಸೈನ್ ಹಾಕಿದ್ನಲ್ಲೋ ಹರ್ಷ.”

“ಬ್ಯಾಂಕಿನವರು ಒಪ್ಪಲಿಲ್ಲಮ್ಮ. ನನ್ನ ಲಾಯರೇ ನಿನಗೂ ಸಲಹೆ ಹೇಳಿದ್ರೆ ನಡೆಯಲ್ವಂತೆ. ನಿನಗೆ ಬೇರೆ ಲಾಯರ್ ಬೇಕಂತೆ.”

“ಸರಿ, ಅವತ್ತಿನ ಥರಾನೇ ನೀನು ಕನ್ನಡದಲ್ಲಿ ಹೇಳು.”

“ನಾನು ಒಳಗೆ ಬರೋ ಹಾಗಿಲ್ಲ. ಇಂಟರ್‌ಪ್ರಿಟರ್ ಬಂದಿದ್ದಾರೆ.”

“ಮಗ ಇರೋವಾಗ ಹೊರಗಿನವರು ಯಾಕೆ?”

ಮಗ ಫೋನ್ ಜೇಬಿಗಿಟ್ಟ.

“ಒಳಗೆ ಲಾಯರು ಹೇಳೋದು ಕೇಳಿ ಗಾಬರಿ ಆಗ್ಬೇಡಮ್ಮ.”

“ಗಾಬರಿ ಯಾಕೆ? ನೀನು ಕ್ಯಾಲಮ್‌ವೇಲಲ್ಲಿ ಮನೆ ತಗೊಳ್ಳೋದಕ್ಕೆ ನಾನು ಸಾಕ್ಷಿ, ಅಷ್ಟೇ ತಾನೆ?”

“ಸಾಕ್ಷಿ ಅಲ್ಲ. ಜಾಮೀನು. ನಾನು ಕಂತು ಕಟ್ಟದಿದ್ರೆ ನಿನ್ನ ರನ್‌ಕಾರ್ನ್ ಮನೇನ ಬ್ಯಾಂಕ್ ಮಾರಬಹುದು.”

ಆಕೆ ಮಗನ ಮುಖ ನೋಡಲಿಲ್ಲ.

“ನಿಮ್ಮಪ್ಪ ಬಿಟ್ಟುಹೋದ ಮನೆ. ಅವತ್ತೂ ಲಾಯರು ಇದನ್ನೇ ಹೇಳಿದ್ರಾ?”

“ಹೇಳಿದ್ರು.”

“ಅರ್ಧ ಗಂಟೆ ಮಾತಾಡಿದ್ರಲ್ಲೋ. ನೀನು ಒಂದೇ ಮಾತಲ್ಲಿ ಮುಗಿಸ್ದೆ.”

“ಶುಕ್ರವಾರದೊಳಗೆ ಲೋನ್ ಆಗದಿದ್ರೆ ನಮ್ಮ ಡೆಪಾಸಿಟ್ ಹೋಗತ್ತಮ್ಮ. ಬೇರೆ ದಾರಿ ಇರಲಿಲ್ಲ.”

“ನನ್ನನ್ನ ಕೇಳೋ ದಾರಿ ಇತ್ತು.”

ಬಾಗಿಲು ತೆರೆಯಿತು. ಇಂಟರ್‌ಪ್ರಿಟರ್ ಹುಡುಗಿ ಕರೆದಳು, “ಬನ್ನಿ ಆಂಟಿ, ನೀವೊಬ್ಬರೇ.”

ಎಬ್ಬಿಸಲು ಮಗ ಕೈ ಚಾಚಿದ. ಆಕೆ ಸೋಫಾದ ಕೈ ಹಿಡಿದು ತಾನೇ ಎದ್ದಳು.

“ಲಾಯರು ಹೇಳಿದ್ದಷ್ಟನ್ನೂ ಹೇಳಮ್ಮ,” ಎಂದು ಆ ಹುಡುಗಿಗೆ ಹೇಳುತ್ತಾ ಒಳಗೆ ಹೋದಳು. “ಒಂದು ಮಾತೂ ಬಿಡಬೇಡ.”