ಖಾಲಿ ಸಾಕೆಟ್ಟಿನಲ್ಲಿ ಆರು ಓಮ್

ದೀಪ ಆರಿಸಬೇಕಾಗಿಲ್ಲ. ಉರಿಯುತ್ತಿದ್ದರೂ ಈ ಕತೆ ಹೀಗೆಯೇ ಇರುತ್ತದೆ.

ನಮ್ಮ ಪಕ್ಕದ ಮನೆಯ ಲೈಲ್ ಪೆಂಗೆಲ್ಲಿಗೆ ಆದದ್ದು ಇದು. ಇಲ್ಲೇ, ಸ್ಟಾಕ್ಟನ್ನಿನಲ್ಲಿ. ಲೈಲ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ದೆವ್ವ ಕಂಡೆ ಎಂದು ಯಾರಾದರೂ ಅಂದರೆ ಅದರ ತೂಕ ಎಷ್ಟು ಎಂದು ಕೇಳುವ ಜಾತಿ.

ಆ ರಾತ್ರಿ ಅವನು ನದಿಯಾಚೆಯ ನ್ಯೂಕಾಸಲ್ಲಿನಿಂದ ಕೊನೆಯ ಫೆರಿ ದೋಣಿಯಲ್ಲಿ ಬಂದ. ದೋಣಿಕಟ್ಟೆಯಿಂದ ಅವನ ಮನೆಗೆ ಬರುವ ದಾರಿಯ ಮೂಲೆಯಲ್ಲಿ ಒಂದು ಹಳೆಯ ಆಲವಿದೆ. ಅದರಲ್ಲಿ ದೆವ್ವವಿದೆ ಎಂದು ಯಾರೂ ಹೇಳಿದ್ದಿಲ್ಲ. ಬಾವಲಿಗಳಿವೆ. ಕೀಚ್… ಕೀಚ್… ಎನ್ನುತ್ತವೆ. ಆಮೇಲೆ ಹಣ್ಣೊಂದು ಟಪ್ಪನೆ ಕಾಲಬುಡಕ್ಕೆ ಬೀಳುತ್ತದೆ. ಅಷ್ಟೇ.

ಆ ಮರದ ಕೆಳಗೆ ಅವನಿಗೆ ಹಾಡು ಕೇಳಿಸಿತು.

ನಿಂತ. ರೇಡಿಯೋ ಹಾಡು. ತೆಳ್ಳಗೆ… ಎದೆಯಿಲ್ಲದ ದನಿ. ಅದು ತನ್ನ ಮನೆಯದು ಎಂದು ಗೊತ್ತಾಗಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಲೈಲ್ ಈ ಊರಿನಲ್ಲಿ ಒಂಥರಾ ಜಾತಕ ನೋಡುವವನು. ಗಂಡು ಹೆಣ್ಣಿನದಲ್ಲ. ಹಳೆಯ ಆಂಪ್ಲಿಫೈಯರು, ರಿಸೀವರುಗಳಿಗೆ ಸರಿಹೊಂದುವ ಸ್ಪೀಕರು ಕೂಡಿಸುವುದು ಅವನ ಹುಚ್ಚು. ಯಾರೋ ಸತ್ತು ಮನೆ ಖಾಲಿ ಮಾಡುವಾಗ ಜನ ಇವನನ್ನು ಕರೆಯುತ್ತಿದ್ದರು. ಇವನು ಹೋಗಿ, ಸ್ಪೀಕರಿನ ಬಟ್ಟೆ ಸವರಿ, ಹಿಂದಿನ ಚೀಟಿ ಓದಿ, "ಇದು ಭಾರೀ ಹೊಟ್ಟೆಬಾಕ. ನಿಮ್ಮ ಬಡಪಾಯಿ ಆಂಪ್ಲಿಫೈಯರು ಇದಕ್ಕೆ ಹಾಕಿ ಪೂರೈಸಲ್ಲ, ಸುಟ್ಟುಹೋಗುತ್ತೆ. ಬೇಡ ಈ ಸಂಬಂಧ" ಎನ್ನುತ್ತಿದ್ದ. ಜನ ಕೇಳುತ್ತಿದ್ದರು. ಮಕ್ಕಳ ಮದುವೆಗೆ ಇಷ್ಟು ವಿಚಾರಿಸಿದ್ದು ಕಾಣೆ.

ಅವನ ಮನೆಯಲ್ಲಿದ್ದದ್ದು ಎಪ್ಪತ್ತರ ದಶಕದ ಒಂದು ಜಪಾನಿ ರಿಸೀವರು. ಬೆಳ್ಳಿ ಮುಖ, ನೀಲಿ ದೀಪ. ಅದಕ್ಕೆ ಎರಡು ಜೊತೆ ಸ್ಪೀಕರು ಹಾಕಬಹುದು. ನಾಬನ್ನು 'ಎ'ಗೆ ತಿರುಗಿಸಿದರೆ ಮುಂದಿನ ಕೋಣೆಯ ಜೊತೆ ಮಾತ್ರ ಹಾಡುತ್ತದೆ. 'ಎ ಪ್ಲಸ್ ಬಿ'ಗೆ ತಿರುಗಿಸಿದರೆ ಹಿಂದಿನ ಕೋಣೆಯದೂ ಸೇರಿ. ಆದರೆ ಆ ಕಾಲದ ಕೆಲವು ಸೆಟ್ಟುಗಳಂತೆ ಇದರಲ್ಲಿ ಎರಡು ಜೊತೆಗಳನ್ನು ಒಂದರ ಹಿಂದೊಂದು ಪೋಣಿಸಿದ್ದರು. ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ ದೀಪದ ಹಾಗೆ. ಒಂದು ಬಲ್ಬು ಕಿತ್ತರೆ ಇಡೀ ಸರ ಕತ್ತಲು. 'ಬಿ' ಸ್ಪೀಕರು ಕಿತ್ತರೆ 'ಎ' ಕೂಡ ಮೂಕ. ಹೀಗೆ ಪೋಣಿಸಿದರೆ ದನಿಯೂ ಸೊರಗುತ್ತದೆ. ಕಿವಿ ಇದ್ದವನಿಗೆ ಗೊತ್ತಾಗುತ್ತದೆ.

ಲೈಲ್‌ಗೆ ಕಿವಿಯಿತ್ತು. ಮರದ ಕೆಳಗೆ ಕೇಳಿದ್ದು 'ಎ ಪ್ಲಸ್ ಬಿ' ದನಿ.

ಆದರೆ 'ಬಿ' ಸ್ಪೀಕರುಗಳು ಮನೆಯಲ್ಲಿರಲಿಲ್ಲ. ಅಂದೇ ಮಧ್ಯಾಹ್ನ ಅವನ ನಾದಿನಿ ಡೀಡ್ರಿ ಅವನ್ನು ಕಾರಿಗೆ ಹೇರಿಕೊಂಡು ಹೋಗಿದ್ದಳು.

"ಇವು ನಮ್ಮಮ್ಮನವು, ಲೈಲ್," ಅಂದಿದ್ದಳು. "ನಿನಗೇನು ಕಮ್ಮಿ? ಗ್ಯಾರೇಜಲ್ಲಿ ಬೇರೆ ಸ್ಪೀಕರು ತುಂಬಿ ಕಾರು ರಸ್ತೇಲಿ ಮಲಗುತ್ತೆ."

"ತಗೊಂಡು ಹೋಗು."

ಹೋಗುವ ಮೊದಲು ಅವಳು ಅಕ್ಕನ ಕೋಣೆ ತೊಳೆದಳು. ಮಂಚದ ತಲೆಹಲಗೆಯನ್ನು ಉಜ್ಜುತ್ತಾ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು. "ನೋಡು ಇಲ್ಲಿ. ಉಡುಗೊರೆ ಪೊಟ್ಟಣದಿಂದ ಕಿತ್ತ ಟೇಪೆಲ್ಲ ಇಲ್ಲಿ ಅಂಟಿಸಿಟ್ಟಿದ್ದಾಳೆ. ಮುಂದಿನ ಸಲ ಉಗುರಿಗೆ ಸಿಗಲಿ ಅಂತ ಮೂಲೆ ಬೇರೆ ಮಡಚಿ. ಜಿಪುಣಿ."

ಆ ಅಕ್ಕನೇ ಗ್ಲೆನಿಸ್, ಲೈಲ್‌ನ ಹೆಂಡತಿ. ಸತ್ತು ಆರು ವಾರವಾಗಿತ್ತು. ಗಂಟಲಿನ ಆಪರೇಷನ್ನಿನ ಮೇಲೆ ಅವಳಿಗೆ ದನಿ ಇರಲಿಲ್ಲ. ಬರೀ ಉಸಿರು. ಹಾಸಿಗೆಯಿಂದ ಕರೆದರೆ ಬಾಗಿಲವರೆಗೂ ಮುಟ್ಟುತ್ತಿರಲಿಲ್ಲ. ಲೈಲ್ ಒಂದು ಹಿತ್ತಾಳೆ ಗಂಟೆ ತಂದಿಟ್ಟಿದ್ದ. ಅವಳು ಅವನ ಕಿವಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದಳಂತೆ, "ನಾನೇನು ನಿನ್ನ ಕುರೀನಾ?"

ಆಮೇಲೆ ಉಪಾಯ ಹುಡುಕಿದವಳೂ ಅವಳೇ. 'ಬಿ' ಸ್ಪೀಕರುಗಳು ಅವಳ ಕೋಣೆಯಲ್ಲಿದ್ದವು. ಲೈಲ್ ಎರಡರ ತಂತಿಯನ್ನೂ ಒಂದೇ ಪ್ಲಗ್ಗಿಗೆ ತಂದು ಮಂಚದ ಪಕ್ಕದ ಗೋಡೆಯಲ್ಲಿ, ರಿಸೀವರಿನ ತಂತಿ ಬಂದು ಮುಗಿಯುವ ಸಾಕೆಟ್ಟಿಗೆ ಸಿಕ್ಕಿಸಿದ್ದ. ಅವಳಿಗೆ ಅವನು ಬೇಕಾದಾಗ ಪ್ಲಗ್ಗು ಎಳೆಯುತ್ತಿದ್ದಳು. ಟಕ್. ಮುಂದಿನ ಕೋಣೆಯ ಹಾಡು ನಿಲ್ಲುತ್ತಿತ್ತು. ಲೈಲ್ ಎದ್ದು "ಬಂದೆ, ಗ್ಲೆನ್" ಎಂದು ಓಡುತ್ತಿದ್ದ. ನೀರೋ, ದಿಂಬೋ, ಸುಮ್ಮನೆ ಕೈಯೋ. ಕೊಟ್ಟು, ಪ್ಲಗ್ಗು ಮತ್ತೆ ಸಿಕ್ಕಿಸಿ ಬರುತ್ತಿದ್ದ. ಹಾಡು ಮುಂದುವರಿಯುತ್ತಿತ್ತು. ಬೇರೆ ಮನೆಗಳಲ್ಲಿ ಸದ್ದು ಮಾಡಿ ಕರೆಯುತ್ತಾರೆ. ಆ ಮನೆಯಲ್ಲಿ ಸದ್ದು ನಿಲ್ಲಿಸಿ ಕರೆಯುತ್ತಿದ್ದರು.

ಅವಳು ಸತ್ತ ರಾತ್ರಿ… ಅದನ್ನೂ ಹೇಳಬೇಕು. ಲೈಲ್‌ಗೆ ಬಹಳ ಕಾಲದಿಂದ ಹುಡುಕುತ್ತಿದ್ದ ದೊಡ್ಡ ಸ್ಪೀಕರುಗಳು ಅಂದೇ ಸಿಕ್ಕಿದ್ದವು. ಆ ರಿಸೀವರಿಗೆ ಹೇಳಿ ಮಾಡಿಸಿದಂಥವು. ಹಚ್ಚಿದ. 'ಎ ಪ್ಲಸ್ ಬಿ'ಯಲ್ಲಿ ದನಿ ಜೋತುಬಿತ್ತು. ರೆಕಾರ್ಡಿನ ಒಂದೇ ಒಂದು ಬದಿ ಸರಿಯಾಗಿ ಕೇಳೋಣವೆಂದು ನಾಬನ್ನು 'ಎ'ಗೆ ತಿರುಗಿಸಿದ. ಪಿಯಾನೋ ರೆಕಾರ್ಡು. ಆ ಸುಖಕ್ಕೆ ಕುರ್ಚಿಯಲ್ಲೇ ಕಣ್ಣು ಹತ್ತಿತು.

'ಎ' ಮೇಲಿದ್ದಾಗ ಅವಳು ಪ್ಲಗ್ಗು ಎಳೆದರೂ ಹಾಡು ನಿಲ್ಲುವುದಿಲ್ಲ.

ಬೆಳಿಗ್ಗೆ ಹೋದಾಗ ಅವಳು ತಣ್ಣಗಿದ್ದಳು. ಪ್ಲಗ್ಗು ಹೊರಗಿತ್ತು.

ನಿದ್ದೆಯಲ್ಲೇ ಹೋಗಿದ್ದಾರೆ, ಅಂದರು ಡಾಕ್ಟರು. ಇರಬಹುದು. ಪ್ಲಗ್ಗು ಸಡಿಲವಾಗಿತ್ತು, ಹೊದಿಕೆ ತಗುಲಿದರೂ ಕಳಚಿ ಬರುತ್ತಿತ್ತು. ಅದೂ ಇರಬಹುದು. ಅವಳು ಕರೆದಳೋ, ಇಲ್ಲವೋ… ಇದೊಂದನ್ನು ಮಾತ್ರ ಲೈಲ್ ತಿಳಿದುಕೊಳ್ಳಬೇಕಿತ್ತು. ಕೇಳಲು ಯಾರೂ ಇರಲಿಲ್ಲ.

ಸರಿ, ಮರದ ಕೆಳಗೆ ನಿಂತಿದ್ದನಲ್ಲ. ಅವನಿಗೆ ನೆನಪಾಯಿತು. ಹೊರಡುವಾಗ ಅವನ ಕೈ ತಾನಾಗಿಯೇ ನಾಬನ್ನು 'ಎ ಪ್ಲಸ್ ಬಿ'ಗೆ ತಿರುಗಿಸಿತ್ತು. ಅವಳಿಗೆ ಕೇಳಲಿ ಎಂದು, ಮೊದಲಿನ ರೂಢಿ. ಸೆಟ್ಟು ಮೂಕವಾಗಿದ್ದರಿಂದ ಉರಿಯುತ್ತಿದ್ದದ್ದೇ ಅವನ ಗಮನಕ್ಕೆ ಬಂದಿರಲಿಲ್ಲ. ಈಗ ಹಾಡುತ್ತಿದೆ.

ಗೇಟಿನ ಚಿಲಕಕ್ಕೆ ಕೈ ಹಾಕಿದ.

ಟಕ್.

ಹಾಡು ನಿಂತಿತು.

ಬಾವಲಿಗಳೂ ಸುಮ್ಮನಾದವು ಎಂದು ಹೇಳಿದರೆ ಕತೆಗೆ ಚೆನ್ನ. ಆಗಲಿಲ್ಲ. ಅವು ಕಿರುಚುತ್ತಲೇ ಇದ್ದವು. ಆದರೆ ಲೈಲ್‌ನ ಕಾಲುಗಳು ಆ ಮೌನಕ್ಕೆ ಪಳಗಿದ್ದವು. ಯೋಚಿಸುವ ಮೊದಲೇ ಓಡಿದ. ಬಾಗಿಲು ತೆರೆದ, ಮುಂದಿನ ಕೋಣೆ ದಾಟಿದ, ಹಿಂದಿನ ಕೋಣೆಯಲ್ಲಿ ನಿಂತ. ಬರಿಯ ಹಾಸಿಗೆ. ಸೋಪಿನ ವಾಸನೆ. ಗೋಡೆಯ ಸಾಕೆಟ್ಟು ಖಾಲಿ.

ಅವನು ಅಲ್ಲಿ ನಿಂತಿರುವಾಗಲೇ ಮುಂದಿನ ಕೋಣೆಯಲ್ಲಿ ಹಾಡು ಮತ್ತೆ ಶುರುವಾಯಿತು.

ಮರುದಿನ ಸಂಜೆ ಅವನು ಮನೋಲಿಯನ್ನು ಕರೆಸಿದ. ಮನೋಲಿ ವರ್ದಾಕಿಸ್ ನ್ಯೂಕಾಸಲ್ಲಿನಲ್ಲಿ ಹಳೆಯ ಸೆಟ್ಟು ಕೊಂಡು ಮಾರುವವನು. ಲೈಲ್‌ನ ಗೆಳೆಯ. ವಿದ್ಯುತ್ತಿನ ತಡೆ ಅಳೆಯುವ ಮೀಟರು, ತಂತಿಗೆ ಸುತ್ತುವ ಹಳದಿ ಟೇಪು, ಒಂದು ಪೊಟ್ಟಣ ಹುರಿದ ಮೀನು ಹಿಡಿದು ಬಂದ.

"ಮೊದಲು ತಿನ್ನು ಮಾರಾಯ," ಅಂದ. "ಹಸಿದ ಹೊಟ್ಟೇಲಿ ಎಲ್ಲ ಸೆಟ್ಟೂ ಮಾತಾಡ್ತವೆ."

"ಆಮೇಲೆ. ಮೊದಲು ನೋಡು."

ನಾಬು 'ಎ ಪ್ಲಸ್ ಬಿ'. ಹಾಡು ಬರುತ್ತಿತ್ತು. ಮನೋಲಿ ಹಿಂದಿನ ಕೋಣೆಗೆ ಹೋಗಿ ಸಾಕೆಟ್ಟು ನೋಡಿ ಬಂದ.

"ಒಳಗೆಲ್ಲೋ ತಂತಿಗೆ ತಂತಿ ತಾಗಿದೆ. ಅಷ್ಟೇ. ಮೇಷ್ಟ್ರಾಗಿ ಇಷ್ಟೂ ಹೊಳೀಲಿಲ್ವಾ?"

"ತಾಗಿದ್ರೆ ಮೀಟರು ಸೊನ್ನೆ ತೋರಿಸಬೇಕು."

"ತೋರಿಸುತ್ತೆ. ತಾಳು."

ಸೆಟ್ಟು ಆರಿಸಿ, ನಾಬನ್ನು 'ಎ'ಗೆ ತಿರುಗಿಸಿ, ಅದರ ಬೆನ್ನಿಗಿದ್ದ 'ಬಿ' ತುದಿಗಳಿಗೆ ಮೀಟರು ಹಚ್ಚಿದ. ತಂತಿ ತಾಗಿದ್ದರೆ ಸೊನ್ನೆ. ಏನೂ ಇಲ್ಲದಿದ್ದರೆ ಮುಳ್ಳು ಅಲ್ಲಾಡದೆ ಎಡ ತುದಿಯಲ್ಲೇ ಬಿದ್ದಿರಬೇಕು. ಮುಳ್ಳು ಎದ್ದಿತು… ತೂಗಿತು… ನಿಂತಿತು.

"ಎಷ್ಟು?"

"ಆರು," ಅಂದ ಮನೋಲಿ.

ಎಂಟು ಓಮಿನ ಸ್ಪೀಕರನ್ನು ಹೀಗೆ ಅಳೆದರೆ ಆರರ ಹತ್ತಿರ ತೋರಿಸುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಡೀಡ್ರಿ ಕೊಂಡೊಯ್ದವು ಎಂಟು ಓಮಿನವು.

ಮನೋಲಿ ಎದ್ದು ಹಿಂದಿನ ಕೋಣೆಗೆ ಹೋದ. ಟೇಪು ಚರ್ರೆಂದು ಹರಿದ ಸದ್ದು ಕೇಳಿಸಿತು. ಸಾಕೆಟ್ಟಿನ ಬಾಯಿಗೆ ಅಡ್ಡಲಾಗಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಬಂದ.

"ಈಗ?"

"ಆರೇ," ಅಂದ ಲೈಲ್.

"ಸೆಟ್ಟು ಮಾರಿಬಿಡು ಲೈಲ್. ನಾನೇ ತಗೋತೀನಿ. ಬೇಡ, ನಾನು ತಗೊಳ್ಳಲ್ಲ. ಬೇರೆ ಯಾರಿಗಾದ್ರೂ."

ಲೈಲ್ ರೆಕಾರ್ಡುಗಳ ಸಾಲಿನಿಂದ ಒಂದನ್ನು ಎಳೆದ. ಪಿಯಾನೋ.

"ಅದು ಯಾಕೆ?" ಮನೋಲಿಯ ದನಿ ಇಳಿದಿತ್ತು.

"ಆ ರಾತ್ರಿ ಇದೇ ಹಾಕಿದ್ದೆ. ನಾಬು 'ಎ' ಮೇಲಿತ್ತು. ಆಗ ಮೀಟರು ಇರಲಿಲ್ಲ."

"ಬೇಡ ಕಣೋ."

"ನೀನು ಮುಳ್ಳು ನೋಡ್ತಿರು. ಅಷ್ಟು ಮಾಡು ಸಾಕು."

ಸೆಟ್ಟು ಹಚ್ಚಿದ. ಸೂಜಿ ಇಳಿಯಿತು. ಸರ್ರ್… ಪಿಯಾನೋ ತೊಡಗಿತು. ದೊಡ್ಡ ಸ್ಪೀಕರುಗಳಲ್ಲಿ ತುಂಬು ದನಿ. ಆ ಜೋಡಿ ನಿಜಕ್ಕೂ ಚೆನ್ನಾಗಿತ್ತು ಎಂದು ಮನೋಲಿ ಇವತ್ತಿಗೂ ಹೇಳುತ್ತಾನೆ, ತಲೆ ತಗ್ಗಿಸಿಕೊಂಡು.

ಮುಳ್ಳು ಆರರಲ್ಲಿತ್ತು. ಬಹಳ ಹೊತ್ತು ಆರರಲ್ಲೇ ಇತ್ತು. ಬದಿ ಅರ್ಧ ದಾಟಿರಬೇಕು…

"ಬಿತ್ತು," ಅಂದ ಮನೋಲಿ.

ಪಿಯಾನೋ ನಿಲ್ಲಲಿಲ್ಲ. ನಿಲ್ಲುವಂತಿಲ್ಲ. ನಾಬು 'ಎ' ಮೇಲಿದೆ.

ಲೈಲ್ ಓಡಿದ. ಹಿಂದಿನ ಕೋಣೆಯ ಕತ್ತಲಲ್ಲಿ ಮಂಚದ ಪಕ್ಕ ಮಂಡಿಯೂರಿ, ಗೋಡೆ ತಡವಿ, ಸಾಕೆಟ್ಟಿನ ಮೇಲೆ ಅಂಗೈ ಒತ್ತಿದ.

"ಬಂದೆ, ಗ್ಲೆನ್. ಇಲ್ಲೇ ಇದ್ದೀನಿ." ಮುಂದಿನ ಕೋಣೆಗೆ ಕೂಗಿದ, "ಈಗ?"

"ಎದ್ದಿತು. ಆರು."

ಲೈಲ್ ಉಸಿರು ಬಿಟ್ಟ.

"ಮತ್ತೆ ಬಿತ್ತು."

"ಇಲ್ಲೇ ಇದ್ದೀನಲ್ಲ. ಗ್ಲೆನ್. ಏನು ಬೇಕು, ನೀರಾ?"

"ಎದ್ದಿತು… ಬಿತ್ತು. ಲೈಲ್, ಸಾಕು, ಆರಿಸಿಬಿಡ್ತೀನಿ."

"ಮುಟ್ಟಬೇಡ."

ಎಳೆಯುವುದು, ಸಿಕ್ಕಿಸುವುದು, ಮತ್ತೆ ಎಳೆಯುವುದು. ಹಾಡು ಯಾಕೆ ನಿಲ್ಲುತ್ತಿಲ್ಲ ಎಂದು ತಿಳಿಯದವರು ಮಾಡುವ ಹಾಗೆ. ಲೈಲ್ ಸಾಕೆಟ್ಟು ಹಿಡಿದು ಅಲ್ಲೇ ಇದ್ದ. ಬಂದಿದ್ದ. ಆದರೆ ಕರೆ ಇವತ್ತಿನದಾಗಿರಲಿಲ್ಲ. ಆ ರಾತ್ರಿಗೆ ಹೋಗಿ ನಾಬು ತಿರುಗಿಸುವ ದಾರಿ ಅವನು ಕಲಿಸಿದ ಯಾವ ಪಾಠದಲ್ಲೂ ಇರಲಿಲ್ಲ. ಮುಂದಿನ ಕೋಣೆಯಿಂದ ಮನೋಲಿ ಒಂದೊಂದೇ ಹೇಳುತ್ತಾ ಹೋದ. ಬಿತ್ತು. ಎದ್ದಿತು. ಬಿತ್ತು. ಪಿಯಾನೋ ಸುಖವಾಗಿ ನುಡಿಯುತ್ತಿತ್ತು.

ಆಮೇಲೆ ಮನೋಲಿ ಸುಮ್ಮನಾದ.

"ಹೇಳು," ಅಂದ ಲೈಲ್.

"ಬಿದ್ದಿದೆ."

"ಎದ್ದಿತಾ?"

ಬದಿ ಮುಗಿಯಿತು. ಸೂಜಿ ಒಳಗಿನ ಗೆರೆಯಲ್ಲಿ ಸುತ್ತಿತು. ಚಿಟ್… ಚಿಟ್… ಚಿಟ್…

"ಇಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮನೋಲಿ ಒಳಗೆ ಬಂದು ದೀಪ ಹಾಕಿದ. ಲೈಲ್ ಮಂಡಿಯ ಮೇಲೆಯೇ ಇದ್ದ, ಅಂಗೈ ಇನ್ನೂ ಸಾಕೆಟ್ಟಿನ ಮೇಲೆ. ಮನೋಲಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೆಳಗೆ ಖಾಲಿ ಸಾಕೆಟ್ಟು. ಟೇಪು ಇರಲಿಲ್ಲ.

ಆಮೇಲೆ ಸೆಟ್ಟು ಒಂದು ಸಲವೂ ಹಾಗೆ ಮಾಡಿಲ್ಲ. ಲೈಲ್ ನಾಬನ್ನು 'ಎ ಪ್ಲಸ್ ಬಿ' ಮೇಲೆಯೇ ಇಟ್ಟಿದ್ದಾನೆ. ರಾತ್ರಿಯೆಲ್ಲ ನೀಲಿ ದೀಪ ಉರಿಯುತ್ತದೆ, ದನಿಯಿಲ್ಲ. ಅವನು ಎದುರಿಗೆ ಕೂತಿರುತ್ತಾನೆ. ನಮ್ಮ ಕಿಟಕಿಯಿಂದ ಕಾಣಿಸುತ್ತದೆ. ತಂತಿ ಬಿಚ್ಚಿ ನೋಡಿದರು, ಗೋಡೆ ಕೊರೆದು ನೋಡಿದರು, ಏನೂ ಸಿಗಲಿಲ್ಲ. ಕಾರಣ ಹೇಳುವವರು ಬಂದು ಹೇಳಬಹುದು, ಬೇಡವೆನ್ನುವವರಿಲ್ಲ. ಆದದ್ದಂತೂ ಇದು. ಮನೋಲಿ ಬದುಕಿದ್ದಾನೆ, ಕೇಳಿ.

ಟೇಪು ಡೀಡ್ರಿ ತೊಳೆದಿಟ್ಟ ತಲೆಹಲಗೆಯ ಮೇಲಿದೆ. ಒಂದೇ ತುಂಡು, ಹಳದಿ. ಮೂಲೆ ಮಡಚಿದೆ.